ಓಕೆ ಫುಲ್ ಫಾರ್ಮ್ ಏನು ಮಿಸ್?

ಇಂಗ್ಲಿಷ್ ಪಾಠ ಮಾಡುವ ನನಗೆ ಮಕ್ಕಳು ಪದೇ ಪದೇ ಕೇಳುವ ಪ್ರಶ್ನೆ ಇದು. ಅವರ ಅಪ್ಪ ಅಮ್ಮಂದಿರೂ ಕೇಳುತ್ತಾರೆ. ಎಷ್ಟೋ ಸಲ ವಾಟ್ಸಾಪ್‌ನಲ್ಲಿ ಓದಿದ ಉತ್ತರವೂ ಅವರ ಹತ್ತಿರ ಇರುತ್ತದೆ: ‘ಜೀರೋ ಕಿಲ್ಡ್’. ಯುದ್ಧದಲ್ಲಿ ಆ ದಿನ ಯಾರೂ ಸಾಯದಿದ್ದರೆ ಸೊನ್ನೆ ಹಾಕಿ ಪಕ್ಕದಲ್ಲಿ ಕೆ ಬರೆಯುತ್ತಿದ್ದರಂತೆ.

ಕೇಳೋಕೆ ಚೆನ್ನಾಗಿದೆ, ಆದರೆ ಅದಕ್ಕೆ ಆಧಾರವಿಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಸೈನಿಕರಿಗೆ ಬರುತ್ತಿದ್ದ ಬಿಸ್ಕತ್ತಿನ ಮೇಲೆ ಓ.ಕೆ. ಅಂತ ಅಚ್ಚಾಗಿರುತ್ತಿತ್ತು, ಅದರಿಂದಲೇ ಈ ಪದ ಬಂತು ಅನ್ನುವವರೂ ಇದ್ದಾರೆ. ಆ ಯುದ್ಧ ಶುರುವಾಗಿದ್ದು 1861ರಲ್ಲಿ. ಅಷ್ಟು ಹೊತ್ತಿಗೆ ಓಕೆ ಪತ್ರಿಕೆಯಲ್ಲಿ ಅಚ್ಚಾಗಿ 22 ವರ್ಷ ಆಗಿತ್ತು! ಪದದ ಹುಟ್ಟಿನ ಬಗ್ಗೆ ಯಾರು ಏನೇ ಹೇಳಲಿ, ನಾನು ಮೊದಲು ನೋಡುವುದು ತಾರೀಖು.

ಓಕೆಗೆ ಆ ತಾರೀಖು ಸಿಕ್ಕಿದೆ: 1839ರ ಮಾರ್ಚ್ 23. ಅಮೆರಿಕದ ‘ಬಾಸ್ಟನ್ ಮಾರ್ನಿಂಗ್ ಪೋಸ್ಟ್’ ಪತ್ರಿಕೆಯಲ್ಲಿ, ಪ್ರಾವಿಡೆನ್ಸ್ ಊರಿನ ಇನ್ನೊಂದು ಪತ್ರಿಕೆಯ ಕಾಲೆಳೆಯುವ ಪುಟ್ಟ ಬರಹದ ನಡುವೆ ಅದು ಬರುತ್ತದೆ. ಪಕ್ಕದಲ್ಲೇ ಅರ್ಥವೂ ಇದೆ: ಆಲ್ ಕರೆಕ್ಟ್. ಹಾಗಾದರೆ ಎ.ಸಿ. ಅಂತ ಇರಬೇಕಿತ್ತಲ್ವಾ? ತಮಾಷೆ ಇರುವುದೇ ಅಲ್ಲಿ. ಆಗ ಬಾಸ್ಟನ್ನಿನ ಪತ್ರಿಕೆಯವರಿಗೆ ಎಲ್ಲವನ್ನೂ ಚಿಕ್ಕದು ಮಾಡುವ ಹುಚ್ಚು ಹಿಡಿದಿತ್ತು. ಅದೂ ಬೇಕಂತಲೇ ಸ್ಪೆಲ್ಲಿಂಗ್ ಕೆಡಿಸಿ. all correct ಅನ್ನುವುದನ್ನು oll korrect ಅಂತ ಬರೆದರೆ ಓ.ಕೆ. ಆಗುತ್ತದಲ್ಲ, ಹಾಗೆ. ‘ಆಲ್ ರೈಟ್’ ಅವರ ಕೈಯಲ್ಲಿ oll wright ಆಗಿ ಓ.ಡಬ್ಲ್ಯು. ಆಯಿತು, ‘ನೋ ಯೂಸ್’ know yuse ಆಗಿ ಕೆ.ವೈ. ಆಯಿತು. ಇವತ್ತಿನ ಮಕ್ಕಳು ಮೆಸೇಜಿನಲ್ಲಿ ಬರೆಯುವುದನ್ನು ನೋಡಿ ಬೈಯುವವರಿಗೆ ನಾನು ಇದನ್ನು ತಪ್ಪದೆ ಹೇಳುತ್ತೇನೆ.

ಇದನ್ನೆಲ್ಲ ಹುಡುಕಿದವರು ಕೊಲಂಬಿಯಾ ವಿಶ್ವವಿದ್ಯಾಲಯದ ಅಲೆನ್ ವಾಕರ್ ರೀಡ್. ಹಳೆಯ ಪತ್ರಿಕೆಗಳನ್ನು ಜಾಲಾಡಿ 1963 ಮತ್ತು 64ರಲ್ಲಿ ಸರಣಿ ಲೇಖನ ಬರೆದರು. ಒಂದು ಪುಟ್ಟ ಪದಕ್ಕಾಗಿ ಅಷ್ಟು ದುಡಿದ ಅವರ ಮೇಲೆ ನನಗೆ ತುಂಬಾ ಗೌರವ.

ಓ.ಡಬ್ಲ್ಯು., ಕೆ.ವೈ. ಎಲ್ಲ ಮರೆತುಹೋದವು. ಓಕೆ ಹೇಗೆ ಉಳಿಯಿತು? ಮರುವರ್ಷವೇ, 1840ರಲ್ಲಿ, ಅಧ್ಯಕ್ಷ ಚುನಾವಣೆ ಬಂತು. ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರೆನ್ ಮತ್ತೆ ಕಣದಲ್ಲಿದ್ದರು. ಅವರ ಊರು ನ್ಯೂಯಾರ್ಕ್ ರಾಜ್ಯದ ಕಿಂಡರ್‌ಹುಕ್, ಅಡ್ಡಹೆಸರು ‘ಓಲ್ಡ್ ಕಿಂಡರ್‌ಹುಕ್’. ಬೆಂಬಲಿಗರು ಓ.ಕೆ. ಕ್ಲಬ್ ಕಟ್ಟಿ, ಅದನ್ನೇ ಘೋಷಣೆ ಮಾಡಿಕೊಂಡರು. ಎದುರಾಳಿಗಳು ಸುಮ್ನೆ ಇರುತ್ತಾರಾ? ಹಿಂದಿನ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್‌ಗೆ ಸ್ಪೆಲ್ಲಿಂಗ್ ಬರುತ್ತಿರಲಿಲ್ಲ, ಆತನೇ ಕಾಗದಪತ್ರಗಳ ಮೇಲೆ ಹೀಗೆ ಬರೆಯುತ್ತಿದ್ದ ಅಂತ ಕತೆ ಕಟ್ಟಿದರು. ವ್ಯಾನ್ ಬ್ಯೂರೆನ್ ಸೋತರು. ಆದರೆ ಎರಡೂ ಕಡೆಯವರು ಸೇರಿ ಆ ಎರಡಕ್ಷರವನ್ನು ಊರೂರಿಗೆ ಮುಟ್ಟಿಸಿಬಿಟ್ಟಿದ್ದರು. ಆಮೇಲೆ ಟೆಲಿಗ್ರಾಫ್ ಬಂತು. ‘ಸಂದೇಶ ತಲುಪಿತು, ಸರಿಯಾಗಿದೆ’ ಅನ್ನಲು ತಂತಿಯವರಿಗೆ ಓಕೆ ಒಂದೇ ಸಾಕಾಯಿತು.

ಅಮೆರಿಕದ ಮೂಲನಿವಾಸಿಗಳಾದ ಚಾಕ್ಟಾ ಜನರ ಭಾಷೆಯಿಂದ ಬಂದದ್ದು ಅನ್ನುವ ವಾದವೂ ಇದೆ. ಅಧ್ಯಕ್ಷ ವುಡ್ರೋ ವಿಲ್ಸನ್ ಅದನ್ನು ನಂಬಿ ಸ್ಪೆಲ್ಲಿಂಗನ್ನೂ ಬದಲಿಸಿ ಬರೆಯುತ್ತಿದ್ದರು. ನನಗೆ ರೀಡ್ ಕೊಟ್ಟ ಪುರಾವೆಯೇ ಗಟ್ಟಿ ಅನ್ನಿಸುತ್ತದೆ.

ಅರ್ಥದ ವಿಷಯಕ್ಕೆ ಬಂದರೆ, ನಾವೇನೂ ಕಡಿಮೆ ಇಲ್ಲ. ‘ಸಾಹೇಬ್ರು ಓಕೆ ಮಾಡಿದ್ರು’ ಅಂದರೆ ಒಪ್ಪಿಗೆ. ‘ಸಿನಿಮಾ ಓಕೆ ಓಕೆ’ ಅಂದರೆ ಸುಮಾರು. ‘ಓಕೆನಾ?’ ಅಂದರೆ ನಿನಗೆ ಒಪ್ಪಿಗೆಯೇ ಅನ್ನುವ ಪ್ರಶ್ನೆ. ಫೋನಿನಲ್ಲಿ ‘ಓಕೆ ಓಕೆ’ ಅಂದರೆ ಇನ್ನು ಇಡ್ತೀನಿ ಅಂತ. ಹಾಗಾಗಿ ಮಕ್ಕಳಿಗೆ ಫುಲ್ ಫಾರ್ಮ್ ಹೇಳಿಕೊಟ್ಟ ಮೇಲೆ, ಮನೆಯಲ್ಲಿ ಯಾರು ಯಾವಾಗ ಓಕೆ ಅನ್ನುತ್ತಾರೆ ಅಂತ ಒಂದು ದಿನ ಕೇಳಿ ಬರೆದುಕೊಂಡು ಬನ್ನಿ ಅನ್ನುತ್ತೇನೆ.