ಒಂದು ಬಟನ್‌ಗೆ ಮೂರು ವಾರ ಎಂತ ಮಾಡ್ತೀರಿ?

ಮಂಗಳೂರಿನ ಬಿಜೈಯಲ್ಲಿ ಒಂದು ಮದುವೆ ಊಟ. ಎಲೆಗೆ ಉಪ್ಪಿನಕಾಯಿ ಬಿದ್ದಿತ್ತಷ್ಟೇ, ಪಕ್ಕದಲ್ಲಿ ಕೂತ ದೊಡ್ಡಪ್ಪ ಶುರು ಮಾಡಿದರು. "ಬರೀ ಒಂದು ಬಟನ್ ಇಡ್ಲಿಕ್ಕೆ ಮೂರು ವಾರವಂತೆ. ಎಂತ ಮಾಡ್ತೀರಿ ನೀವೆಲ್ಲ ಅಷ್ಟು ದಿನ?"

ಇದೇ ಪ್ರಶ್ನೆಯನ್ನು ಮಾಲೀಕರೂ ಕೇಳುತ್ತಾರೆ, ಡೆವಲಪರ್‌ಗಳೂ ಕೇಳುತ್ತಾರೆ. ಹೇಳಿ ಹೇಳಿ ಬಾಯಿ ನೋವು. ಇನ್ನು ಕೇಳಿದವರಿಗೆ ಇದರ ಲಿಂಕ್ ಕಳಿಸುತ್ತೇನೆ. ನನಗೆ ಸಿಟ್ಟು ಬರುವುದು 'ಮೂರು ವಾರ'ಕ್ಕಲ್ಲ, ಆ 'ಬರೀ'ಗೆ.

ಮೀನು ಮನೆಗೆ ತಲುಪಿಸುವ ಆ್ಯಪ್ ಒಂದಕ್ಕೆ ನಾವು ನಾಲ್ವರು ಡಿಸೈನ್ ಮಾಡುತ್ತೇವೆ. ಆ ಬಟನ್ ಹೆಸರು 'ಹೋದ ಸಲದ್ದೇ ತರಿಸಿ'. ಮೊದಲ ಸಲ ಅದನ್ನು ಎರಡೇ ದಿನದಲ್ಲಿ ಮುಗಿಸಿದ್ದೆವು. ಆಗ ಯಾರೂ ಎಂತದೂ ಕೇಳಲಿಲ್ಲ, ಬೆನ್ನು ತಟ್ಟಿದರು. ಮೇ ಕೊನೆಗೆ ಸ್ಕ್ರೀನ್ ಬಿಡಿಸುವ ಸಾಫ್ಟ್‌ವೇರ್ ಫಿಗ್ಮಾದಲ್ಲಿ ಚಂದ ಮಾಡಿ ಜೂನ್ ಮೊದಲ ವಾರ ಬಿಟ್ಟೆವು.

ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. 61 ದಿನ. ಮಂಗಳೂರಿನ ಸಣ್ಣ ಮಕ್ಕಳಿಗೂ ಗೊತ್ತು. ನಮ್ಮ ಪ್ಲ್ಯಾನ್ ಶೀಟಿಗೆ ಮಾತ್ರ ಗೊತ್ತಿರಲಿಲ್ಲ. ಜನ ಬಟನ್ ಒತ್ತಿದರು. ಮೇ ತಿಂಗಳ ಅಂಜಲ್, ಮೇ ತಿಂಗಳ ರೇಟು. ದುಡ್ಡು ಕಟ್ ಆಯ್ತು, ಮೀನು ಬರಲಿಲ್ಲ. ಫೋನ್ ಎತ್ತಿ ತಪ್ಪಾಯ್ತು ಅನ್ನುತ್ತಾ ಕೂತವಳು ನಾನು. "ನಿಮ್ಮ ಆಫೀಸಿಗೆ ಮಳೆ ಬರುವುದಿಲ್ವಾ ಮಗಾ?" ಅಂದರು ಒಬ್ಬರು ಅಜ್ಜಿ.

ಮೂರು ವಾರ ಶುರುವಾದದ್ದು ಅಲ್ಲಿಂದ.

ಈಗ ಮೊದಲ ನಾಲ್ಕು ದಿನ ಫಿಗ್ಮಾ ತೆರೆಯುವುದೇ ಇಲ್ಲ. ಬೆಳಗ್ಗೆ ದೋಣಿಗಳು ಮೀನು ಇಳಿಸುವ ದಕ್ಕೆಗೆ ಹೋದೆವು, ಡೆವಲಪರನ್ನೂ ಎಬ್ಬಿಸಿಕೊಂಡು. ಒಂದೇ ಬೆಳಗ್ಗೆ ಬಂಗುಡೆಯ ರೇಟು ಎರಡು ಸಲ ಬದಲಾಯಿತು. ಅವನು ಅಲ್ಲೇ ನಿಂತು ಕೇಳಿದ: "ಸ್ಟಾಕ್ ಎಷ್ಟು ಗಂಟೆಗೆ ಅಪ್‌ಡೇಟ್ ಆಗ್ತದೆ?" ಆ ಒಂದು ಪ್ರಶ್ನೆಗೆ ನಮ್ಮ ಅರ್ಧ ಸ್ಕ್ರೀನುಗಳು ಬಿಡಿಸುವ ಮೊದಲೇ ಸತ್ತವು. ಮೊದಲಾದರೆ ಅವನಿಗೆ ಎಲ್ಲ ಮುಗಿದ ಮೇಲೆ ತೋರಿಸುತ್ತಿದ್ದೆವು, ಅವನು ಆಗುವುದಿಲ್ಲ ಅನ್ನುತ್ತಿದ್ದ, ಜಗಳ.

ಬಟನ್ ಬಿಡಿಸಲಿಕ್ಕೆ ಅರ್ಧ ದಿನ ಸಾಕು. ಮೀನು ಇಲ್ಲದಿದ್ದರೆ? ಅರ್ಧ ಮಾತ್ರ ಇದ್ದರೆ? ರೇಟು ಏರಿದ್ದರೆ? ದುಡ್ಡು ಹೋಗಿ ನೆಟ್ ಹೋದರೆ? ಹೀಗೆ 11 ಸ್ಕ್ರೀನ್. ಅದರ ಮೇಲೆ ಕನ್ನಡ. 'ಕ್ಯಾನ್ಸಲ್' ಕೂರುವ ಜಾಗದಲ್ಲಿ 'ರದ್ದುಗೊಳಿಸಿ' ಕೂರುವುದಿಲ್ಲ. ಕೂರಿಸಿದರೆ ದ ಒತ್ತಿನ ಕಾಲು ಕತ್ತರಿಸಿ ಹೋಗುತ್ತದೆ.

ಆಮೇಲೆ ಜನರಿಗೆ ತೋರಿಸುವುದು. ಒಂದು ಸುತ್ತಿನ ಪರೀಕ್ಷೆಗೆ ಐದು ಮಂದಿ ಸಾಕು ಅಂತ ಈ ಕೆಲಸದಲ್ಲಿ ಹೆಸರಾದ ತಜ್ಞ ಜೇಕಬ್ ನೀಲ್ಸನ್ 2000ದಲ್ಲೇ ಬರೆದಿದ್ದಾರೆ. 15 ಮಂದಿ ಸಿಕ್ಕಿದರೆ ಒಟ್ಟಿಗೆ ಬೇಡ, ತಿದ್ದುತ್ತಾ ಐದೈದರಂತೆ ಮೂರು ಸುತ್ತು ಅನ್ನುವುದು ಅವರ ಲೆಕ್ಕ. ನಮಗೆ ಎರಡು ಸುತ್ತಿಗೇ ಪುರುಸೊತ್ತು ಸಿಕ್ಕಿದ್ದು.

ಎಷ್ಟು ದಿನ ಅಂತ ಕೇಳುವವರು ಒಮ್ಮೆಯಾದರೂ ಯಾರ ಮನೆಗೆ ಹೋಗಿದ್ದೆ ಅಂತ ಕೇಳಬಾರದಾ? ಕದ್ರಿಯಲ್ಲಿ ಒಬ್ಬರು ಅಕ್ಕ. ಅವರ ಹಳೆಯ ಆರ್ಡರ್‌ಗಳನ್ನು ಒಟ್ಟಿಗೆ ಕೂತು ನೋಡಿದೆವು. ಒಂದು ಸಲ ಬೂತಾಯಿ, ಒಂದು ಸಲ ಕಾಣೆ, ಮೀನು ಪ್ರತಿ ಸಲ ಬೇರೆ. ಆದರೆ ಕೆಳಗಿನ ಸಣ್ಣ ಡಬ್ಬಿಯಲ್ಲಿ ಪ್ರತಿ ಸಲ ಅದೇ ಸಾಲು, ಒಂದೊಂದೇ ಅಕ್ಷರ ಒತ್ತಿ ಬರೆದದ್ದು: 'ತಲೆ ಬಿಸಾಡ್ಬೇಡಿ, ಕ್ಲೀನ್ ಮಾಡಿ ಕೊಡಿ.' "ಅದೇ ಮೀನು ಯಾರಿಗೆ ಬೇಕು ಮಾರಾಯ್ತಿ," ಅಂದರು, "ಇದನ್ನು ಬರೆದು ಬರೆದು ಸಾಕಾಗಿದೆ."

ಈಗ ಇರುವ ಬಟನ್ 'ಹೋದ ಸಲದ ಹಾಗೇ ಕಟ್ ಮಾಡಿ'.

ದೊಡ್ಡಪ್ಪ ಇಷ್ಟನ್ನೂ ಕೇಳಿಸಿಕೊಂಡರು. "ಹಾಗಾದ್ರೆ ಆ ಮೊದಲಿನ ಬಟನ್?"

"ತೆಗೆದೆವು."

"ತೆಗೀಲಿಕ್ಕೆ ಮೂರು ವಾರ!" ಅಂದು ಪಾಯಸದವನನ್ನು ಕರೆದರು.