ಊರ ಮಂದಿ ಬಂದಾಗ ಉತ್ತರದ ಕೆರೆಗೆ: ಮಿನ್ನೆಸೋಟದಲ್ಲಿ ಗಾಳ ಹಾಕುವ ಮುನ್ನ

ಮೇ ತಿಂಗಳ ಬಿಸಿಲಿಗೆ ಹುಬ್ಬಳ್ಳಿ-ಧಾರವಾಡ ಬಿಟ್ಟು ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿರುವ ಮಕ್ಕಳ ಮನೆಗೆ ಬರುವ ಅಪ್ಪ-ಅವ್ವಂದಿರು ಬಹುಮಟ್ಟಿಗೆ ಆಗಸ್ಟ್ ತನಕ ಇರುತ್ತಾರೆ. ಮೊದಲ ಎರಡು ವಾರದಲ್ಲಿ ದೇವಸ್ಥಾನ, ಮಾಲು, ಮಿನ್ನೆಹಾಹಾ ಜಲಪಾತ ಎಲ್ಲ ಮುಗಿಯುತ್ತವೆ. ಆಮೇಲೆ ಇಲ್ಲಿಯ ಮಂದಿ ಮಾಡುವುದನ್ನೇ ಮಾಡಬೇಕು: ಉತ್ತರಕ್ಕೆ ಹೋಗಿ, ಕೆರೆ ದಂಡೆಯ ಕ್ಯಾಬಿನ್, ಅಂದರೆ ಸಣ್ಣ ಬಾಡಿಗೆ ಮನೆ, ಹಿಡಿದು, ಒಂದು ವಾರ ಮೀನು ಹಿಡಿಯುತ್ತ ಕೂಡುವುದು. ಗುರುತಿಲ್ಲದ ಕೆರೆ, ಈಜು ಬಾರದ ಹಿರಿಯರು, ಅರ್ಧ ತಾಸು ಮೀನು ಕಚ್ಚದಿದ್ದರೆ ಫೋನು ಕೇಳುವ ಮೊಮ್ಮಕ್ಕಳು, ಮನೆಯಲ್ಲಿ ಅರ್ಧ ಮಂದಿ ಮೀನು ಮುಟ್ಟದವರು. ಇಷ್ಟನ್ನೂ ಲೆಕ್ಕಕ್ಕೆ ಹಿಡಿದು, ನೀವು ಊರಲ್ಲಿದ್ದಾಗಲೇ ಮಕ್ಕಳ ಜೊತೆ ಫೋನಿನಲ್ಲಿ ಮಾತಾಡಿಕೊಳ್ಳಬೇಕಾದ ಸಂಗತಿಗಳು ಇವು.

ಮೊದಲು ಕೆರೆ. ಈ ರಾಜ್ಯದಲ್ಲಿ 10 ಎಕರೆ ಮೀರಿದ ಕೆರೆಗಳೇ 11,842 ಇವೆ. ದೊಡ್ಡ ಮೀನಿನ ಫೋಟೊ ನೋಡಿ ಕೆರೆ ಆರಿಸುವವರೇ ಹೆಚ್ಚು. ಕುಟುಂಬದ ಪ್ರವಾಸ ಕೆಡುವುದೂ ಅಲ್ಲಿಂದಲೇ. ಇಲ್ಲಿ ಹೆಸರುವಾಸಿ ಮೀನು ವಾಲ್‌ಐ. ಅದು ಬೆಳಕಿಗೆ ಅಂಜುವ ಜಾತಿ, ಕಚ್ಚುವುದು ಮುಂಜಾನೆ ಮತ್ತು ಮುಸ್ಸಂಜೆ. ಜೂನ್-ಜುಲೈನಲ್ಲಿ ಉತ್ತರದ ಕಡೆ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತು ದಾಟಿದ ಮೇಲೆ. ಅಷ್ಟೊತ್ತಿಗೆ ಮಕ್ಕಳಿಗೆ ನಿದ್ದೆ, ಅಜ್ಜನಿಗೆ ಗುಳಿಗೆಯ ಹೊತ್ತು. ಹಗಲಿಡೀ ಕಚ್ಚುವುದು ಅಂಗೈಯಗಲದ ಸನ್‌ಫಿಶ್, ಅದರ ಜೊತೆ ಹಳದಿ ಪರ್ಚ್. ಹಾಗಾಗಿ ಕೇಳಬೇಕಾದ ಪ್ರಶ್ನೆ ಎರಡೇ: ಕ್ಯಾಬಿನ್ ಮುಂದಿನ ನೀರಲ್ಲಿ ಸನ್‌ಫಿಶ್ ಇದೆಯೇ? ಗಾಳಿ ಎದ್ದ ದಿನ ಅಲ್ಲಿ ಮರೆ ಇದೆಯೇ?

ಎರಡನೆಯದನ್ನು ನಮ್ಮವರು ಕೇಳುವುದೇ ಇಲ್ಲ. ಉದಾಹರಣೆಗೆ ವಾಕರ್ ಊರಿನ ಲೀಚ್ ಲೇಕ್. ಹರವು ಸುಮಾರು ಒಂದು ಲಕ್ಷ ಎಕರೆ. ತುಂಗಭದ್ರಾ ಜಲಾಶಯ ತುಂಬಿ ನಿಂತಾಗಿನ ಹರವಿಗಿಂತ ತುಸು ಹೆಚ್ಚೇ. ಆದರೆ ಬಹುಪಾಲು ಆಳ 35 ಅಡಿಗಿಂತ ಕಡಿಮೆ. ಹರವು ದೊಡ್ಡದಿದ್ದು ಆಳ ಕಡಿಮೆ ಇದ್ದಲ್ಲಿ ಗಾಳಿಗೆ ತೆರೆ ಬೇಗ ಏಳುತ್ತದೆ, ಗಿಡ್ಡಗೆ ಒತ್ತೊತ್ತಾಗಿ ಬಂದು ಸಣ್ಣ ಬೋಟಿನೊಳಗೆ ನೀರು ಚೆಲ್ಲುತ್ತದೆ. ಉಣಕಲ್ ಕೆರೆಯಲ್ಲಿ ಬೋಟಿಂಗ್ ಮಾಡಿದ ಅಂದಾಜು ಇಲ್ಲಿ ನಡೆಯುವುದಿಲ್ಲ. ಇಂಥ ಕೆರೆಗೆ ಹೋಗುವುದಾದರೆ ಒಳಗೆ ಸರಿದ ಕೊಲ್ಲಿಯ ದಂಡೆಯಲ್ಲೇ ಕ್ಯಾಬಿನ್ ಹಿಡಿಯಬೇಕು. ಅದಕ್ಕಿಂತ ಒಳ್ಳೆಯದು, ದೊಡ್ಡ ಕೆರೆಯಿಂದ ಹತ್ತು-ಹದಿನೈದು ನಿಮಿಷದ ಹಾದಿಯ ಐದುನೂರು, ಸಾವಿರ ಎಕರೆಯ ಸಣ್ಣ ಕೆರೆ. ಗಾಳಿ ಶಾಂತ ಇದ್ದ ದಿನ ದೊಡ್ಡದಕ್ಕೆ ಹೋದರಾಯಿತು.

ಕೆರೆಯ ಜಾತಕ ಊರಲ್ಲಿ ಕೂತೇ ನೋಡಬಹುದು. ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ, ಎಲ್ಲರ ಬಾಯಲ್ಲಿ ಡಿಎನ್ಆರ್, ಲೇಕ್‌ಫೈಂಡರ್ ಎಂಬ ಪುಟ ಇಟ್ಟಿದೆ. ಕೆರೆಯ ಹೆಸರು ಹಾಕಿದರೆ ಆಳದ ನಕ್ಷೆ, ಬಲೆ ಬಿಟ್ಟು ಎಣಿಸಿದ ಮೀನಿನ ಲೆಕ್ಕ, ಬಿಟ್ಟ ಮರಿಗಳ ಲೆಕ್ಕ, ಆ ಕೆರೆಗೇ ಇರುವ ವಿಶೇಷ ನಿಯಮ ಎಲ್ಲ ಬರುತ್ತದೆ. ಎಣಿಕೆಯ ಪಟ್ಟಿಯಲ್ಲಿ ಒಂದು ಬಲೆಗೆ ಎಷ್ಟು ಬಿದ್ದವು, ಇಂಥ ಕೆರೆಗೆ ವಾಡಿಕೆಯ ಸಂಖ್ಯೆ ಎಷ್ಟು ಎಂದು ಅಕ್ಕಪಕ್ಕ ಇರುತ್ತದೆ. ಸನ್‌ಫಿಶ್ ವಾಡಿಕೆಗಿಂತ ಹೆಚ್ಚಿದೆ ಎಂದು ಹಿಗ್ಗುವ ಮೊದಲು ಕೆಳಗಿನ ಉದ್ದದ ಪಟ್ಟಿಯನ್ನೂ ನೋಡಿ. ಎಲ್ಲವೂ ಐದು ಇಂಚಿನೊಳಗಿದ್ದರೆ ಮಕ್ಕಳಿಗೆ ಆಟ, ತಟ್ಟೆಗೆ ಏನೂ ಇಲ್ಲ. ನಕ್ಷೆಯಲ್ಲಿ ಆಳ ಅಡಿಗಳಲ್ಲಿರುತ್ತದೆ. ಗೆರೆಗಳು ಒತ್ತಾಗಿದ್ದಲ್ಲಿ ನೆಲ ತಟ್ಟನೆ ಇಳಿಯುತ್ತದೆ, ವಿರಳ ಇದ್ದಲ್ಲಿ ಜೊಂಡು ಬೆಳೆಯುವ ಸಮತಟ್ಟು. ಸಮತಟ್ಟು ಮುಗಿದು ಇಳಿಜಾರು ಶುರುವಾಗುವ ಅಂಚಿನ ಮೇಲೆ ಪೆನ್ನಿನಲ್ಲಿ ಮೂರ್ನಾಲ್ಕು ಗುರುತು ಹಾಕಿಕೊಳ್ಳಿ. ಬೇಸಿಗೆಯ ಮೀನು ಆ ಅಂಚಿನಲ್ಲೇ ಓಡಾಡುತ್ತದೆ. ಒಂದು ಎಚ್ಚರಿಕೆ: ನಕ್ಷೆಯಲ್ಲಿ ಎದ್ದು ಕಾಣುವ ಲೋವರ್ ರೆಡ್ ಲೇಕ್ ಪೂರ್ತಿ ರೆಡ್ ಲೇಕ್ ಬುಡಕಟ್ಟಿನವರದು, ಹೊರಗಿನವರು ಅಲ್ಲಿ ಗಾಳ ಹಾಕುವಂತಿಲ್ಲ.

ಜುಲೈ-ಆಗಸ್ಟ್‌ನಲ್ಲಿ ಕ್ಯಾಬಿನ್‌ಗಳನ್ನು ಬಹುತೇಕ ಶನಿವಾರದಿಂದ ಶನಿವಾರಕ್ಕೇ ಕೊಡುತ್ತಾರೆ. ವರ್ಷ ವರ್ಷ ಬರುವವರು ಹೋಗುವಾಗಲೇ ಮುಂದಿನ ವರ್ಷದ ವಾರ ಕಟ್ಟಿಹಾಕಿ ಹೋಗುತ್ತಾರೆ. ಹೊಸಬರು ಸಂಕ್ರಾಂತಿ ಹೊತ್ತಿಗಾದರೂ ಕೇಳಬೇಕು. ನಮ್ಮನ್ನು ಕೇಳಿದರೆ ಜೂನ್ ಮೊದಲ ಅರ್ಧ ಒಳ್ಳೆಯದು. ಬಾಡಿಗೆ ಕಡಿಮೆ, ಸನ್‌ಫಿಶ್ ದಂಡೆಗೇ ಬಂದು ಮೊಟ್ಟೆ ಇಡುವ ಕಾಲ. ತಿಳಿನೀರಲ್ಲಿ ತಟ್ಟೆಯಗಲದ ಗುಂಡನೆಯ ಗೂಡುಗಳು ಡಾಕ್, ಅಂದರೆ ನೀರಿಗೆ ಚಾಚಿದ ಹಲಗೆಯ ಕಟ್ಟೆ, ಮೇಲೆ ನಿಂತರೇ ಕಾಣುತ್ತವೆ. ಗೂಡು ಕಾಯುವುದು ದೊಡ್ಡ ಗಂಡುಮೀನು. ಅದನ್ನೇ ಹಿಡಿದು ತಿಂದರೆ ಆ ಕೆರೆಯ ಮೀನು ವರ್ಷದಿಂದ ವರ್ಷಕ್ಕೆ ಗಿಡ್ಡಾಗುತ್ತ ಹೋಗುತ್ತದೆ, ಆದ್ದರಿಂದ ದೊಡ್ಡದನ್ನು ಬಿಟ್ಟು ನಡುಗಾತ್ರದ್ದು ಇಟ್ಟುಕೊಳ್ಳಿ. ಜೂನ್ ಕೊನೆಗೆ ಮೇಫ್ಲೈ ಹುಳ ನೀರಿಂದ ಏಳುತ್ತದೆ; ಆಗ ವಾಲ್‌ಐ ಹೊಟ್ಟೆ ತುಂಬಿಸಿಕೊಂಡು ಗಾಳದತ್ತ ತಿರುಗಿಯೂ ನೋಡುವುದಿಲ್ಲ.

ಲೈಸೆನ್ಸ್ ವಿಷಯದಲ್ಲಿ ದಾಕ್ಷಿಣ್ಯ ಇಲ್ಲ. ಹದಿನಾರು ತುಂಬಿದ ಯಾರೇ ಗಾಳ ಹಿಡಿದರೂ ಬೇಕು. "ಒಂದ್ನಿಮಿಷ ಹಿಡ್ಕೋರಿ ಮಾಮಾ" ಎಂದು ಊರಿಂದ ಬಂದ ಮಾವನ ಕೈಗೆ ಕೊಟ್ಟರೂ ಅದು ಮೀನು ಹಿಡಿದಂತೆಯೇ. ಭಾರತದಿಂದ ಬಂದವರು ಹೊರರಾಜ್ಯದವರ ಲೆಕ್ಕ. ಹಿರಿಯ ನಾಗರಿಕರೆಂಬ ರಿಯಾಯಿತಿ ಅವರಿಗಿಲ್ಲ. 24 ತಾಸಿನದು, 72 ತಾಸಿನದು, ಏಳು ದಿನದ್ದು ಹೀಗೆ ಸಿಗುತ್ತವೆ, ಗಂಡ-ಹೆಂಡತಿ ಇಬ್ಬರಿಗೂ ಸೇರಿ ಕುಟುಂಬದ ಲೈಸೆನ್ಸೂ ಇದೆ. ಒಬ್ಬರಿಗೆ ಒಂದೇ ಗಾಳ. ಎಷ್ಟು ಮೀನು ಇಟ್ಟುಕೊಳ್ಳಬಹುದು ಎಂಬುದು ಕೆರೆಯಿಂದ ಕೆರೆಗೆ ಬೇರೆ. ಸನ್‌ಫಿಶ್‌ಗೆ ಎಷ್ಟೋ ಕೆರೆಗಳಲ್ಲಿ ಐದು ಅಥವಾ ಹತ್ತರ ಮಿತಿ ಇದೆ. ಆ ವರ್ಷದ ನಿಯಮ ಪುಸ್ತಿಕೆಯಲ್ಲಿ ಕೆರೆಯ ಹೆಸರು ಹುಡುಕಿಯೇ ನೀರಿಗಿಳಿಯಿರಿ.

ಬೋಟು ಕ್ಯಾಬಿನ್‌ನವರಿಂದಲೇ ಬಾಡಿಗೆಗೆ ಬರುತ್ತದೆ: 16 ಅಡಿ ಅಲ್ಯೂಮಿನಿಯಂ ಬೋಟು, ಹಿಂದೆ ಸಣ್ಣ ಮೋಟಾರು. ಎಷ್ಟು ಮಂದಿ, ಎಷ್ಟು ತೂಕ ಎಂದು ಬೋಟಿಗೇ ಒಂದು ಫಲಕ ಬಡಿದಿರುತ್ತಾರೆ. "ಇನ್ನೊಬ್ರು ಸರಿದು ಕೂಡ್ರಿ" ಅನ್ನುವ ನಮ್ಮ ಬಸ್ಸಿನ ರೂಢಿ ಅಲ್ಲಿ ಬೇಡ. ಮಂಡಿನೋವಿನ ಹಿರಿಯರಿದ್ದರೆ ಪಾಂಟೂನ್ ಒಳ್ಳೆಯದು. ಚಪ್ಪಟೆ ನೆಲ, ಕಟಕಟೆ, ಮೇಲೆ ನೆರಳು. ಬಾಡಿಗೆ ಜಾಸ್ತಿ, ಗಾಳಿ ಬಂದರೆ ಅತ್ತಿತ್ತ ಎಳೆದಾಡುತ್ತದೆ. ಹತ್ತು ವರ್ಷದೊಳಗಿನ ಮಕ್ಕಳು ಬೋಟು ಸಾಗುವಾಗ ಲೈಫ್ ಜಾಕೆಟ್ ತೊಡಲೇಬೇಕೆಂದು ಕಾನೂನು. ಈಜು ಬಾರದ ದೊಡ್ಡವರಿಗೆ ಕಾನೂನು ಬೇಕಿಲ್ಲ, ತೊಟ್ಟುಕೊಳ್ಳಿ. ಜಾಕೆಟ್ಟಿನ ಅಳತೆ ತೂಕದ ಮೇಲೆ: 14 ಕಿಲೋ ತನಕ ಕೂಸಿನದು, 23ರ ತನಕ ಸಣ್ಣ ಮಕ್ಕಳದು, 41ರ ತನಕ ದೊಡ್ಡ ಮಕ್ಕಳದು. ಹಾಕಿದ ಮೇಲೆ ಭುಜದ ಪಟ್ಟಿ ಹಿಡಿದು ಮೇಲೆತ್ತಿ. ಗದ್ದ ಒಳಗೆ ಹೂತರೆ ಅದು ದೊಡ್ಡದಾಯಿತು. ಸೀರೆಯುಟ್ಟವರಿಗೆ ಬೋಟು ಹತ್ತುವುದೇ ಕಷ್ಟ, ಚೂಡಿದಾರ ವಾಸಿ. ನಡೆಸುವವರು ಬಿದ್ದರೆ ಮೋಟಾರು ನಿಲ್ಲಿಸುವ ನಿಲುಗಡೆ ಹಗ್ಗ ಅವರ ಮೈಗೆ ಸಿಕ್ಕಿಸಿರಬೇಕು. ಕಾಲೇಜಿನ ಹುಡುಗರ ಕೈಗೆ ಮೋಟಾರು ಕೊಡುವ ಮೊದಲು ವಿಚಾರಿಸಿ, 2025ರ ಜುಲೈನಿಂದ ಚಿಕ್ಕ ವಯಸ್ಸಿನವರಿಗೆ ಪರ್ಮಿಟ್ ಬೇಕು.

ಹೊರಡುವಾಗ ಗಾಳಿಗೆ ಎದುರಾಗಿ ಹೋಗಿ. ಮೋಟಾರು ಕೈಕೊಟ್ಟರೂ ಗಾಳಿಯೇ ಮನೆ ಕಡೆ ತಳ್ಳುತ್ತದೆ. ಲಂಗರನ್ನು ಮೂತಿಗೆ ಕಟ್ಟಿ. ಹಿಂಬದಿಗೆ ಕಟ್ಟಿದರೆ ಮೋಟಾರಿನ ಭಾರಕ್ಕೆ ತಗ್ಗಿರುವ ಆ ಕಡೆಯಿಂದ ತೆರೆ ನೇರ ಒಳಗೆ ಬರುತ್ತದೆ. ತೆರೆಯ ತಲೆ ಬಿಳಿಯಾದರೆ ದಂಡೆಗೆ ಬನ್ನಿ. ಗುಡುಗು ಕೇಳಿದರಂತೂ "ಇನ್ನೊಂದು ಮೀನು" ಎನ್ನುವ ಮಾತೇ ಇಲ್ಲ. ಜೂನ್ ಇಲ್ಲಿ ವರ್ಷದಲ್ಲೇ ಹೆಚ್ಚು ಮಳೆ ಬೀಳುವ ತಿಂಗಳು.

ಇನ್ನು ಸಾಮಾನು. ಮಕ್ಕಳಿಗೆ ಗುಂಡಿ ಒತ್ತಿದರೆ ದಾರ ಬಿಡುವ ರೀಲಿನ ನಾಲ್ಕೂವರೆ ಅಡಿ ಗಾಳ, ದೊಡ್ಡವರಿಗೆ ಆರೂವರೆ ಅಡಿಯದು. ಆರು ಪೌಂಡು ಭಾರ ತಾಳುವ ನೈಲಾನ್ ದಾರ ಸಾಕು. ದಪ್ಪನೆಯದು ತಿಳಿನೀರಲ್ಲಿ ಮೀನಿನ ಕಣ್ಣಿಗೆ ಬೀಳುತ್ತದೆ. ಸನ್‌ಫಿಶ್‌ಗೆ ಎಂಟನೇ ನಂಬರಿನ ಉದ್ದ ಕಾಂಡದ ಕೊಕ್ಕೆ: ಅದರ ಬಾಯಿ ಸಣ್ಣದು, ಕಾಂಡ ಉದ್ದ ಇದ್ದರೆ ಬಿಡಿಸುವುದು ಸುಲಭ. ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಮಲಗಿಸಿಬಿಡಿ. ಮಕ್ಕಳು ಗಾಳ ಬೀಸುವಾಗ ಕೊಕ್ಕೆ ಯಾರ ಕಿವಿಗೆ ಸಿಕ್ಕೀತೆಂದು ಹೇಳಲಾಗದು. ತೂಕಕ್ಕೆ ಸೀಸದ ಬದಲು ತವರದ ಗುಂಡು ತನ್ನಿ. ಕೆರೆಯ ಲೂನ್ ಹಕ್ಕಿಗಳು ಸೀಸದ ಗುಂಡು ನುಂಗಿ ವಿಷವೇರಿ ಸಾಯುತ್ತವೆ.

ತೇಲುಬೆಂಡನ್ನು ಸರಿಯಾಗಿ ಕಟ್ಟಿದರೆ ಅರ್ಧ ಕೆಲಸ ಮುಗಿಯಿತು. ದಾರ ಬೆಂಡಿನ ನಡುವಿನಿಂದ ಜಾರುವಂಥದ್ದು ಕೊಳ್ಳಿ. ಮೊದಲು ದಾರಕ್ಕೆ ತಡೆಗಂಟು, ಆಮೇಲೆ ಸಣ್ಣ ಮಣಿ, ಬೆಂಡು, ಕೆಳಗೆ ತವರದ ಗುಂಡು, ಅದರಿಂದ ಒಂದೂವರೆ ಅಡಿ ಬಿಟ್ಟು ಕೊಕ್ಕೆ. ಆಳ ತಿಳಿಯಲು ಕೊಕ್ಕೆಗೆ ಭಾರದ ಗುಂಡೊಂದನ್ನು ಸಿಕ್ಕಿಸಿ ಇಳಿಬಿಡಿ. ಬೆಂಡು ಮುಳುಗಿಹೋದರೆ ತಡೆಗಂಟನ್ನು ಮೇಲೆ ಸರಿಸಿ, ಅಡ್ಡ ಬಿದ್ದರೆ ಕೆಳಗೆ. ನೆಟ್ಟಗೆ ನಿಂತಾಗ ಭಾರ ನೆಲ ಮುಟ್ಟಿರುತ್ತದೆ; ಅಲ್ಲಿಂದ ಗಂಟನ್ನು ಒಂದಡಿ ಕೆಳಗೆ ತಂದರೆ ಕೊಕ್ಕೆ ನೆಲದಿಂದ ಒಂದಡಿ ಮೇಲೆ ಆಡುತ್ತದೆ. ಬೆಂಡು ಹೆಬ್ಬೆರಳಿಗಿಂತ ದಪ್ಪ ಬೇಡ. ಸನ್‌ಫಿಶ್ ಎರೆಯನ್ನು ಬಾಯೊಳಗೆ ಹೀರಿ ನೋಡುತ್ತದೆ, ಬೆಂಡಿನ ಜಗ್ಗು ತಾಗಿದ ಕೂಡಲೇ ಉಗುಳುತ್ತದೆ. ಎರೆಹುಳು ಒಂದಿಂಚಿನ ತುಂಡು ಸಾಕು, ಪೂರ್ತಿ ಪೋಣಿಸಿ. ಬಾಲ ಬಿಟ್ಟರೆ ಬಾಲವನ್ನಷ್ಟೇ ಕಿತ್ತು ತಿಂದು ಹೋಗುತ್ತದೆ.

ವಾಲ್‌ಐಗೆ ಬೇಸಿಗೆಯ ಎರೆ ಜಿಗಣೆ. ಶಿರಸಿ ಕಡೆಯ ಉಂಬಳ ನೆನೆಸಿಕೊಂಡು ಹಾವೇರಿ ಮಂದಿ ಹೌಹಾರಬೇಕಿಲ್ಲ. ಅಂಗಡಿಯಲ್ಲಿ ಎರೆಗೆಂದು ಮಾರುವ ಜಾತಿ ಮನುಷ್ಯರ ರಕ್ತ ಹೀರುವುದಿಲ್ಲ. ಆರನೇ ನಂಬರಿನ ಕೊಕ್ಕೆಯನ್ನು ಅದರ ಅಗಲ ತುದಿಯ ಬಟ್ಟಲಿಗೆ ಒಂದೇ ಸಲ ಚುಚ್ಚಿದರೆ ನೀರಲ್ಲಿ ರಿಬ್ಬನ್ನಿನ ಹಾಗೆ ಈಜುತ್ತಿರುತ್ತದೆ. ನಲ್ಲಿಯ ಕ್ಲೋರಿನ್ ನೀರು ಹಾಕಿದರೆ ಸಾಯುತ್ತದೆ. ಅಂಗಡಿಯವರು ಕೊಟ್ಟ ನೀರಲ್ಲೇ ಫ್ರಿಜ್ಜಿನಲ್ಲಿಡಿ. ಆ ಡಬ್ಬಿ ಥೇಟ್ ಮೊಸರಿನ ಡಬ್ಬಿ. ಮೇಲೆ ದಪ್ಪ ಅಕ್ಷರದಲ್ಲಿ ಬರೆದು ತಳದ ಖಾನೆಯಲ್ಲಿಡದಿದ್ದರೆ, ನಸುಕಿನಲ್ಲಿ ಒಗ್ಗರಣೆ ಮಜ್ಜಿಗೆಗೆಂದು ಕೈ ಹಾಕುವ ಅವ್ವ ಮುಂದೆ ಎಂದೂ ಕೆರೆಗೆ ಬರಲಿಕ್ಕಿಲ್ಲ.

ಮೀನು ಬಂದ ಮೇಲೆ ಮೊದಲು ನಿಮ್ಮ ಕೈ ಒದ್ದೆ ಮಾಡಿಕೊಳ್ಳಿ. ಒಣಗೈಗೆ ಅದರ ಮೈಯ ಲೋಳೆ ಕಿತ್ತು ಬರುತ್ತದೆ, ಬಿಟ್ಟರೂ ರೋಗ ಹತ್ತಿ ಸಾಯುತ್ತದೆ. ಸನ್‌ಫಿಶ್ ಬೆನ್ನ ಮೇಲೆ ಮುಳ್ಳಿನ ಸಾಲಿದೆ. ತಲೆಯಿಂದ ಬಾಲದ ಕಡೆಗೆ ಅಂಗೈ ಸವರುತ್ತ ಬಂದರೆ ಮುಳ್ಳು ಮಲಗುತ್ತವೆ. ಗಾಳ ಒಮ್ಮೆಲೇ ಬಿಲ್ಲಾಗಿ ಬಗ್ಗಿ, ದಾರ ಕತ್ತರಿಸಿದಂತೆ ತುಂಡಾದರೆ ಅದು ನಾರ್ದರ್ನ್ ಪೈಕ್. ಅದರ ಹಲ್ಲಿಗೆ ನೈಲಾನ್ ತಡೆಯುವುದಿಲ್ಲ. ಬೇಕೆಂದೇ ಪೈಕ್ ಹಿಡಿಯುವುದಾದರೆ ಕೊಕ್ಕೆಯ ಮುಂದೆ ಗೇಣುದ್ದ ಉಕ್ಕಿನ ತಂತಿ ಹಾಕಿ, ಬಿಡಿಸಲು ಉದ್ದ ಇಕ್ಕಳ ಇಟ್ಟುಕೊಳ್ಳಿ, ಬಾಯೊಳಗೆ ಬೆರಳು ಬೇಡ.

ಮಧ್ಯಾಹ್ನ ಏನೂ ಕಚ್ಚದಿದ್ದರೆ ಎರೆ ಬದಲಿಸುವ ಮೊದಲು ಜಾಗ ಬದಲಿಸಿ. ಬಿಸಿಲು ಏರಿದಂತೆ ಮೀನು ಜೊಂಡಿನ ಹೊರ ಅಂಚಿಗೆ, 8ರಿಂದ 12 ಅಡಿಗೆ ಸರಿಯುತ್ತದೆ. ಅದಕ್ಕೂ ತೀರ ಆಳಕ್ಕೆ ಇಳಿಬಿಟ್ಟು ಕೂತರೆ ಪ್ರಯೋಜನವಿಲ್ಲ: ನಡುಬೇಸಿಗೆಯಲ್ಲಿ ಎಷ್ಟೋ ಕೆರೆಗಳ ತಳದ ತಣ್ಣೀರಲ್ಲಿ ಆಮ್ಲಜನಕ ತೀರಿರುತ್ತದೆ, ಅಲ್ಲಿ ಮೀನೇ ಇರುವುದಿಲ್ಲ. ಅಥವಾ ಆ ಹೊತ್ತಿಗೆ ಗಾಳ ಮಡಚಿಟ್ಟು ಇಟಾಸ್ಕಾ ಪಾರ್ಕಿಗೆ ಹೋಗಿ ಬನ್ನಿ. ಮಿಸಿಸಿಪ್ಪಿ ಹುಟ್ಟುವ ಜಾಗದಲ್ಲಿ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ಇಡೀ ನದಿ ದಾಟಬಹುದು. ಊರಿಗೆ ಮರಳಿದ ಮೇಲೆ ಹಿರಿಯರು ಮೀನಿಗಿಂತ ಇದನ್ನೇ ಹೆಚ್ಚು ಹೇಳುತ್ತಾರೆ.

ಅಡುಗೆಗೆ ವಾಲ್‌ಐ ಬಿಳಿ ಮಾಂಸದ, ಮುಳ್ಳು ಕಡಿಮೆಯ ಮೀನು. ಬ್ಯಾಡಗಿ ಮೆಣಸಿನ ಪುಡಿ, ಅರಿಶಿನ, ಉಪ್ಪು, ಲಿಂಬೆರಸ ಹಚ್ಚಿ ಹದಿನೈದು ನಿಮಿಷ ಬಿಟ್ಟು, ಸಣ್ಣ ರವೆಯಲ್ಲಿ ಹೊರಳಿಸಿ ಮಗ್ಗುಲಿಗೆ ಮೂರು ನಿಮಿಷ ಹುರಿದರೆ ಸಾಕು. ಪೈಕ್‌ನಲ್ಲಿ ಕವಲೊಡೆದ ಮುಳ್ಳುಗಳಿರುವುದರಿಂದ ಮಕ್ಕಳಿಗೆ ಬೇಡ. ಈ ಕೆರೆಗಳ ಮೀನಿನಲ್ಲಿ ಪಾದರಸ ಇರುತ್ತದೆ, ದೊಡ್ಡ ಮೀನಿನಲ್ಲಿ ಹೆಚ್ಚು. ಗರ್ಭಿಣಿಯರು ಮತ್ತು 15ರೊಳಗಿನ ಮಕ್ಕಳಿಗೆ ರಾಜ್ಯದ ಆರೋಗ್ಯ ಇಲಾಖೆಯ ಸಾಮಾನ್ಯ ಸಲಹೆ: ಸನ್‌ಫಿಶ್, ಪರ್ಚ್ ವಾರಕ್ಕೊಮ್ಮೆ, 20 ಇಂಚಿಗಿಂತ ಸಣ್ಣ ವಾಲ್‌ಐ ತಿಂಗಳಿಗೊಮ್ಮೆ, ಅದಕ್ಕೂ ದೊಡ್ಡದು ಬೇಡವೇ ಬೇಡ. ಮೀನು ತಿನ್ನದವರಿಗೆ ಒಂದು ಮಾತು: ಕ್ಯಾಬಿನ್‌ನ ಪಾತ್ರೆಗಳಲ್ಲಿ ಹಿಂದಿನವರು ಏನೇನು ಬೇಯಿಸಿದ್ದಾರೋ ದೇವರೇ ಬಲ್ಲ. ಸ್ವಂತ ತವೆ, ಕುಕ್ಕರ್, ಸೌಟು ಒಯ್ಯಿರಿ; ಮೀನಿಗೆ ಅಲ್ಲಿಯ ಬಾಣಲೆ ಇದ್ದೇ ಇದೆ. ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಚುರಮುರಿ ಊರಿಂದ ತಂದದ್ದಿದ್ದರೆ ವಾರಕ್ಕೆ ಚಿಂತೆಯಿಲ್ಲ. ಬೇಳೆ, ಕೊತ್ತಂಬರಿ, ಹಸಿಮೆಣಸಿನಕಾಯಿ ಮಿನಿಯಾಪೊಲಿಸ್‌ನಲ್ಲೇ ತುಂಬಿಕೊಳ್ಳಿ.

ರಾತ್ರಿ 13-14 ಡಿಗ್ರಿಗೆ ಇಳಿಯುವುದುಂಟು, ಸ್ವೆಟರ್ ಬೇಕು. ಸಂಜೆಯ ಸೊಳ್ಳೆಗೆ ಡೀಟ್ ಇರುವ ಮದ್ದು ಹಚ್ಚಿ, ಆದರೆ ಕೈ ತೊಳೆದೇ ದಾರ ಮುಟ್ಟಿ. ಅದು ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಹುಲ್ಲಲ್ಲಿ ಅಡ್ಡಾಡಿ ಬಂದವರ ಮೊಣಕಾಲ ಸಂದು, ಕಿವಿಯ ಹಿಂದೆ ಉಣ್ಣೆಹುಳ ಇದೆಯೇ ನೋಡಿ. ಬಿಪಿ, ಸಕ್ಕರೆಯ ಗುಳಿಗೆ ಎರಡು ದಿನದ್ದು ಹೆಚ್ಚಿಗೆ ಇರಲಿ.

ಮರಳುವ ಶನಿವಾರ ಬೆಳಿಗ್ಗೆ ಬೇಗ ಕೀಲಿ ಒಪ್ಪಿಸಬೇಕಾಗುತ್ತದೆ, ಹಾಗಾಗಿ ಈ ಮುಂದಿನ ಕೆಲಸಗಳೆಲ್ಲ ಶುಕ್ರವಾರ ರಾತ್ರಿಯೇ ಆಗಲಿ. ಸೀಳಿದ ವಾಲ್‌ಐ, ಪೈಕ್ ತುಂಡಿಗೆ ಒಂದಿಂಚು ಚೌಕದ ಚರ್ಮ, ಹುರುಪೆ ಸಮೇತ ಬಿಟ್ಟಿರಬೇಕು. ದಾರಿಯಲ್ಲಿ ತಪಾಸಣೆಯವರು ಜಾತಿ ಗುರುತಿಸಿ ಎಣಿಸುತ್ತಾರೆ. ಸ್ವಂತ ಬೋಟಿದ್ದರೆ ತಳದ ಬಿರಡೆ ತೆಗೆದು, ನೀರು ಬಸಿದು, ಬಿರಡೆ ಹೊರಗಿಟ್ಟುಕೊಂಡೇ ರಸ್ತೆಗೆ ಹತ್ತಬೇಕು. ಜೀಬ್ರಾ ಮಸಲ್ ಎಂಬ ಚಿಪ್ಪಿನ ಮರಿ ಒಂದು ಕೆರೆಯಿಂದ ಇನ್ನೊಂದಕ್ಕೆ ದಾಟುವುದು ಆ ನೀರಿನಲ್ಲೇ. ಉಳಿದ ಜಿಗಣೆ, ಎರೆಹುಳು ಕಸದ ಡಬ್ಬಿಗೆ. ಎರೆಹುಳುವನ್ನು ಮರದ ಬುಡಕ್ಕೆ ಬಿಟ್ಟರೆ ಪುಣ್ಯ ಎಂದು ನವಲಗುಂದದ ಒಕ್ಕಲುಮಗ ಅಂದಾನು. ಇಲ್ಲಿ ಹಿಮಯುಗದ ನಂತರ ಕಾಡು ಎರೆಹುಳುವೇ ಇಲ್ಲದೆ ಬೆಳೆದದ್ದು, ಹೊರಗಿಂದ ಬಂದ ಹುಳು ಮೇಲಿನ ಎಲೆಹಾಸನ್ನೆಲ್ಲ ತಿಂದು ಸಸಿಗಳ ಬೇರನ್ನು ಬರಿದು ಮಾಡುತ್ತದೆ.