ಆರನೆಯ ಕೊಳವೆಗೆ ಜಾಗವಿಲ್ಲ

ಕೊಳವೆ ರೆಕ್ಕೆಯ ಮಾದರಿ ರಾಕೆಟ್, ಅಂದರೆ ಬುಡದಲ್ಲಿ ಚಪ್ಪಟೆ ರೆಕ್ಕೆಗಳ ಬದಲು ದೇಹದ ಸುತ್ತ ಆರು ಕೊಳವೆ ಅಂಟಿಸಿದ ಪುಟ್ಟ ರಾಕೆಟ್, ಕೊನೆಗೂ ಹಾರಿತು. ಆ ಹಾರಾಟದ ವಿಷಯವನ್ನು ಕೊನೆಗಿಡುತ್ತೇನೆ, ಅದಕ್ಕೆ ಒಂದೆರಡು ಪ್ಯಾರಾ ಸಾಕು. ಈ ಸಲದ ದಿನಚರಿಯೆಲ್ಲ ಒಂದೇ ಒಂದು ಕೊಳವೆಗೆ ಮೀಸಲು. ಐದು ಕೊಳವೆಗಳು ಒಂದೇ ಸಂಜೆಯಲ್ಲಿ ಅಂಟಿಕೊಂಡವು. ಆರನೆಯದು ಹತ್ತೊಂಬತ್ತು ದಿನ ತೆಗೆದುಕೊಂಡಿತು.

ಮೋಟರ್ ಕೂರುವ ಮೌಂಟ್, ಅದನ್ನು ದೇಹದ ನಡುಮಧ್ಯೆ ಹಿಡಿಯುವ ಸೆಂಟರಿಂಗ್ ರಿಂಗ್, ಪ್ಯಾರಾಚೂಟ್, ಮೂತಿ ಇವುಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಎಲ್ಲರೂ ಮಾಡುವ ಹಾಗೆಯೇ ಮಾಡಿದೆ. 24 ಮಿ.ಮೀ. ಮೋಟರ್. ದೇಹಕ್ಕೆ 40 ಮಿ.ಮೀ. ಹೊರವ್ಯಾಸದ ಪೈಪಿನ ಮೇಲೆ ಕ್ರಾಫ್ಟ್ ಕಾಗದವನ್ನು ಬಿಳಿ ಅಂಟು ಹಚ್ಚಿ ಎಂಟು ಸುತ್ತು ಸುತ್ತಿದ ಅರ್ಧ ಮೀಟರ್ ಉದ್ದದ ಕೊಳವೆ. ರೆಕ್ಕೆಗಳಿಗೂ ಅದೇ ಪೈಪು, ಅದೇ ಎಂಟು ಸುತ್ತು, 90 ಮಿ.ಮೀ. ಉದ್ದದ ಆರು ತುಂಡುಗಳು.

ಕೊಳವೆ ರೆಕ್ಕೆಯೇ ಏಕೆಂದರೆ, ಬಾಲ್ಸಾ ರೆಕ್ಕೆ ಅಂಟಿಸುವಾಗ ನನ್ನ ಕೈ ಯಾವಾಗಲೂ ಎರಡು ಡಿಗ್ರಿ ವಾಲುತ್ತದೆ. ಹಿಂದಿನ ರಾಕೆಟ್ ಬುಗುರಿಯಂತೆ ಗಿರಗಿರನೆ ತಿರುಗುತ್ತಾ ಏರಿ, ಇಳಿಯುವಾಗ ಪ್ಯಾರಾಚೂಟಿನ ದಾರಗಳನ್ನು ಜಡೆ ಹೆಣೆದುಕೊಂಡು ಬಂದಿತ್ತು. ಕೊಳವೆಯಾದರೆ ಈ ತಾಪತ್ರಯವಿಲ್ಲ. ಒಂದೇ ವ್ಯಾಸದ ಆರು ಕೊಳವೆಗಳು ಅದೇ ವ್ಯಾಸದ ಏಳನೆಯದರ ಸುತ್ತ ಸಂದಿಲ್ಲದೆ ಕೂರುತ್ತವೆ, ಒಂದಕ್ಕೊಂದು ಒತ್ತಿಕೊಂಡು ತಾವೇ ನೆಟ್ಟಗಾಗುತ್ತವೆ. ಏಳು ನಾಣ್ಯಗಳನ್ನು ಮೇಜಿನ ಮೇಲೆ ಜೋಡಿಸಿದ ಮಗುವಿಗೂ ಗೊತ್ತಿರುವ ಸಂಗತಿ. ಹಾಗೆಂದೇ ನಾನು ದೇಹದ ಮೇಲೆ 60 ಡಿಗ್ರಿಗೊಂದರಂತೆ ಎಳೆದುಕೊಂಡಿದ್ದ ಗೆರೆಗಳನ್ನು ನಿರ್ಲಕ್ಷಿಸಿ, ಒಂದನ್ನು ಅಂಟಿಸಿ ಅದಕ್ಕೆ ಒತ್ತಿ ಇನ್ನೊಂದು, ಅದಕ್ಕೆ ಒತ್ತಿ ಮತ್ತೊಂದು ಎಂದು ಅಂಟಿಸುತ್ತಾ ಹೋದೆ. ಐದಾದವು. ಆರನೆಯದನ್ನು ಹಿಡಿದು ಉಳಿದ ಜಾಗಕ್ಕೆ ತಳ್ಳಿದೆ. ಹೋಗಲಿಲ್ಲ.

ಬಹಳ ದೊಡ್ಡ ಕೊರತೆಯೇನಲ್ಲ, ಒಂದೂವರೆ ಮಿ.ಮೀ. ಇರಬಹುದು. ತುಂಬಿದ ಬೆಂಚಿನ ತುದಿಯಲ್ಲಿ ಅರ್ಧ ಕುಳಿತು ಅರ್ಧ ನಿಂತ ಮನುಷ್ಯನ ಹಾಗೆ ಆ ಕೊಳವೆ ಅಕ್ಕಪಕ್ಕದ ಎರಡರ ಮೇಲೆ ಒರಗಿ ನಿಂತಿತು, ದೇಹವನ್ನು ಮಾತ್ರ ಮುಟ್ಟಲಿಲ್ಲ.

ಮೊದಲ ಅನುಮಾನ ನನ್ನ ಮೇಲೆಯೇ. ಯಾವುದೋ ಕೊಳವೆ ಸೊಟ್ಟಗೆ ಅಂಟಿದೆ, ಇಲ್ಲವೇ ಸಂದಿಯಲ್ಲಿ ಅಂಟಿನ ಗಂಟು ಉಳಿದಿದೆ ಅಂದುಕೊಂಡೆ. ಟಾರ್ಚ್ ಹಿಡಿದು ಒಂದೊಂದೇ ಸಂದಿಯಲ್ಲಿ ಇಣುಕಿದೆ. ಎಲ್ಲವೂ ನೆಟ್ಟಗೇ ಇದ್ದವು. ಜೀವಮಾನದಲ್ಲಿ ಮೊದಲ ಬಾರಿ ನನ್ನ ರೆಕ್ಕೆಗಳು ನೆಟ್ಟಗೆ ಅಂಟಿದ್ದವು, ಅದರಿಂದ ಪ್ರಯೋಜನವಿರಲಿಲ್ಲ.

ಎರಡನೆಯ ಉಪಾಯ ಬಲಪ್ರಯೋಗ. ಆರನೆಯದನ್ನು ಎರಡು ಬೆರಳಲ್ಲಿ ಹಿಚುಕಿ ಮೊಟ್ಟೆಯಾಕಾರ ಮಾಡಿ ಒಳಗೆ ತೂರಿಸಿ, ಸುತ್ತ ನಾಲ್ಕು ರಬ್ಬರ್ ಬ್ಯಾಂಡ್ ಬಿಗಿದು ಮಲಗಿದೆ. ಎಂಟು ಸುತ್ತಿನ ಕಾಗದದ ಕೊಳವೆ ಎಷ್ಟು ಹಟಮಾರಿಯೆಂದು ಆಗ ತಿಳಿಯಿತು. ಮಧ್ಯರಾತ್ರಿ ‘ಟಪ್’ ಎಂದು ಸದ್ದಾಯಿತು. ದೀಪ ಹಾಕಿ ನೋಡಿದರೆ ಆರನೆಯದು ತನ್ನ ಜಾಗದಲ್ಲೇ ಆರಾಮವಾಗಿ ದುಂಡಗೆ ಕುಳಿತಿತ್ತು. ಅದು ಕುಳಿತ ಖುಷಿಗೆ ಮೂರನೆಯದು ಬುಡಸಹಿತ ಕಿತ್ತು ಬಂದಿತ್ತು.

ಮೂರನೆಯದನ್ನು ಮತ್ತೆ ಅಂಟಿಸಿ ಉಪ್ಪುಕಾಗದ ಹಿಡಿದೆ. ಆರನೆಯದು ಅಕ್ಕಪಕ್ಕದವಕ್ಕೆ ತಾಗುವ ಎರಡು ಗೆರೆಗಳಲ್ಲಿ ಸ್ವಲ್ಪ ಸ್ವಲ್ಪ ಉಜ್ಜಿದರೆ ಸಾಕಲ್ಲ ಎಂಬುದು ನನ್ನ ಲೆಕ್ಕ. ಸುತ್ತಿದ ಕಾಗದವನ್ನು ಉಜ್ಜಿದವರಿಗೆ ಮುಂದಿನದು ಗೊತ್ತು: ಕಾಗದ ಸವೆಯುವುದಿಲ್ಲ, ನಾರು ಏಳುತ್ತದೆ. ತೆಳು ಮಾಡಲು ಹೊರಟ ಕಡೆ ಮೀಸೆ ಬೆಳೆದು ಕೊಳವೆ ಇನ್ನಷ್ಟು ದಪ್ಪವಾಯಿತು. ಸೂಪರ್‌ಗ್ಲೂ ಕುಡಿಸಿ ಗಟ್ಟಿ ಮಾಡಿ ಮತ್ತೆ ಉಜ್ಜಿದೆ. ಆಗ ಸವೆಯಿತು ನಿಜ, ಆದರೆ ಕೊರತೆಯೆಲ್ಲ ಎರಡೇ ಸಂದಿಗಳ ಪಾಲಿಗೆ ಬಂದಿದ್ದರಿಂದ ಒಂದೊಂದು ಕಡೆ 0.7 ಮಿ.ಮೀ. ಹೋಗಬೇಕಿತ್ತು. ಗೋಡೆಯ ದಪ್ಪವೇ 1 ಮಿ.ಮೀ. ಬೆಳಕಿಗೆ ಹಿಡಿದರೆ ಆಚೆ ಬದಿಯ ಬೆರಳು ಕಾಣುವಂತಾದಾಗ ಕೈ ಬಿಟ್ಟೆ.

ಈ ಹೊತ್ತಿಗಾದರೂ ವರ್ನಿಯರ್ ಕ್ಯಾಲಿಪರ್ ತೆಗೆಯಬೇಕೆಂದು ತೋಚಿದ್ದು ಒಂಬತ್ತನೆಯ ದಿನ. ಮೊದಲ ದಿನವೇ ಏಕೆ ತೆಗೆಯಲಿಲ್ಲ ಎಂದು ಕೇಳಬೇಡಿ. ಒಂದೇ ಪೈಪು, ಒಂದೇ ಕಾಗದ, ಒಂದೇ ಸುತ್ತು. ಅಳೆಯುವುದೇನಿದೆ ಎಂಬ ಧಿಮಾಕು. ದೇಹ 41.6 ಮಿ.ಮೀ. ಬಂತು. ರೆಕ್ಕೆ 42.0. ಮತ್ತೊಂದು ರೆಕ್ಕೆ, 42.0.

0.4 ಮಿ.ಮೀ.ಗೆ ಇಷ್ಟೊಂದು ರಂಪವೇ ಎಂದು ಕಾಗದ ಪೆನ್ಸಿಲ್ ಹಿಡಿದು ಕುಳಿತೆ. ಎರಡೂ ಒಂದೇ ವ್ಯಾಸವಾದರೆ ಪ್ರತಿ ಕೊಳವೆಯೂ ದೇಹದ ಸುತ್ತ ಸರಿಯಾಗಿ 60 ಡಿಗ್ರಿ ಆಕ್ರಮಿಸುತ್ತದೆ, ಆರಕ್ಕೆ 360. ರೆಕ್ಕೆ 42.0 ಆದರೆ ಒಂದೊಂದಕ್ಕೂ ಬೇಕಾಗುವುದು 60.32 ಡಿಗ್ರಿ, ಆರಕ್ಕೆ 361.9. ಇಲ್ಲದ ಆ 1.9 ಡಿಗ್ರಿಯನ್ನು ಕೊಳವೆಗಳ ಕೇಂದ್ರಗಳು ನಿಲ್ಲುವ ವೃತ್ತದ ಮೇಲೆ ಮಿ.ಮೀ.ಗೆ ಬದಲಿಸಿದರೆ 1.4. ನನ್ನ ಕಣ್ಣಳತೆಯ ಒಂದೂವರೆ! ಹನಿ ಹನಿ ಕೂಡಿದರೆ ಹಳ್ಳ. ನಾನು ಒತ್ತಿ ಒತ್ತಿ ಅಂಟಿಸುತ್ತಾ ಬಂದಿದ್ದರಿಂದ ಇಡೀ ಹಳ್ಳ ಕೊನೆಯವನ ಅಂಗಳಕ್ಕೆ ಹರಿದಿತ್ತು. ಎಳೆದ ಗೆರೆಗಳ ಮೇಲೇ ಅಂಟಿಸಲು ಹೋಗಿದ್ದರೆ ಎರಡನೆಯ ಕೊಳವೆಯಲ್ಲೇ ತಿಳಿಯುತ್ತಿತ್ತು.

ಹಾಗಾದರೆ 0.4 ಬಂದದ್ದೆಲ್ಲಿಂದ? ದೇಹ ಸುತ್ತಿದ್ದು ಹಳೆಯ ಸುರುಳಿಯಲ್ಲಿ. ಅದು ಮುಗಿಯಿತೆಂದು ರೆಕ್ಕೆಗಳಿಗೆ ಹೊಸ ಸುರುಳಿ ತರಿಸಿದ್ದೆ. ‘ಹೋದ ಸಲದ್ದೇ ಮಾಲು’ ಎಂದು ಕೊಟ್ಟವನು ಎರಡು ಬಾರಿ ಹೇಳಿದ್ದ. ಎರಡು ಬಾರಿ ಹೇಳಿದಾಗಲೇ ಅನುಮಾನ ಬರಬೇಕಿತ್ತು. ಎರಡೂ ಕಾಗದವನ್ನು ನಾಲ್ಕು ಬಾರಿ ಮಡಿಸಿ ಹದಿನಾರು ಪದರ ಮಾಡಿ ಅಳೆದೆ. ಹಳೆಯದು 1.6 ಮಿ.ಮೀ., ಹೊಸದು 2.0. ಅಂದರೆ ಹಾಳೆಯೊಂದಕ್ಕೆ 0.1 ಮತ್ತು 0.125. ಎಂಟು ಸುತ್ತಿಗೆ ಗೋಡೆಯಲ್ಲಿ 0.2 ವ್ಯತ್ಯಾಸ, ವ್ಯಾಸದಲ್ಲಿ ಅದರ ದುಪ್ಪಟ್ಟು. ಕಳ್ಳ ಸಿಕ್ಕಿದ. ಕೊಟ್ಟವನಿಗೆ ಹೇಳಿದರೆ ‘ದಪ್ಪ ಇದ್ದರೆ ಒಳ್ಳೆಯದೇ ಅಲ್ಲವೇ’ ಎಂದ. ಕಾಗದದ ದಪ್ಪವನ್ನು ಸುರುಳಿಯ ಮೇಲೆ ಮುದ್ರಿಸಿದರೆ ಯಾರ ಗಂಟು ಹೋಗುತ್ತದೋ ತಿಳಿಯದು.

ಒಂದು ದಿನ ಪೂರ್ತಿ ಸಿಟ್ಟಿನಲ್ಲಿ, ಆರರ ಸಹವಾಸವೇ ಬೇಡ ಎಂದು ಬೇರೆ ಲೆಕ್ಕ ಹಾಕುತ್ತಾ ಕಳೆದೆ. ಐದೇ ಕೊಳವೆ ಕೂರಬೇಕಾದರೆ ಅವುಗಳ ವ್ಯಾಸ ದೇಹದ 1.43ರಷ್ಟಿರಬೇಕು. ನಾಲ್ಕಾದರೆ 2.41ರಷ್ಟು, ಅದು ರಾಕೆಟ್ ಆಗುವುದಿಲ್ಲ, ಡ್ರಮ್ಮುಗಳ ನಡುವೆ ಸಿಕ್ಕಿಬಿದ್ದ ಪೆನ್ಸಿಲ್ ಆಗುತ್ತದೆ. ಎಂಟಾದರೆ 0.62. ಈ ಎಂಟು ಮಾತ್ರ ತಲೆಯಲ್ಲೇ ಉಳಿದುಬಿಟ್ಟಿದೆ. 41.6ರ ದೇಹಕ್ಕೆ 25.8 ಮಿ.ಮೀ.ನ ಎಂಟು ಸಣ್ಣ ಕೊಳವೆಗಳು, ಮುಂದಿನ ಬಾಯಿಯನ್ನು 45 ಡಿಗ್ರಿ ಓರೆಯಾಗಿ ಕತ್ತರಿಸಿ, ಒಂದು ಉದ್ದ ಒಂದು ಗಿಡ್ಡ ಎಂದು ಸರದಿಯಲ್ಲಿ ಜೋಡಿಸಿದರೆ ಬುಡ ಒಳ್ಳೆಯ ಓರ್ಗನ್ ವಾದ್ಯದ ಹಾಗೆ ಕಾಣುತ್ತದೆ. ಚಿತ್ರ ಬರೆದಾಗಿದೆ. ಬಣ್ಣವೂ ನಿಶ್ಚಯವಾಗಿದೆ: ಹಳದಿ ಮತ್ತು ಕಪ್ಪು. ಕೈಯಲ್ಲಿರುವುದು ಮುಗಿಯದೆ ಹೊಸದನ್ನು ಮುಟ್ಟುವುದಿಲ್ಲ ಎಂದು ನನಗೆ ನಾನೇ ಕೊಟ್ಟ ಮಾತು ಎಷ್ಟು ದಿನ ನಿಲ್ಲುತ್ತದೋ ನೋಡಬೇಕು.

ಪರಿಹಾರ ಮಾತ್ರ ನಾಚಿಕೆಯಾಗುವಷ್ಟು ಸರಳ. ದಪ್ಪ ಕಾಗದವಾದರೆ ಸುತ್ತು ಕಡಿಮೆ ಮಾಡು! ದೇಹದ ಗೋಡೆ 0.8 ಮಿ.ಮೀ.; ಹೊಸ ಕಾಗದದಲ್ಲಿ ಅದಕ್ಕೆ 6.4 ಸುತ್ತು ಬೇಕು. ಅರೆಬರೆ ಸುತ್ತು ಹಾಕಿದರೆ ಕೊಳವೆಯ ಒಂದು ಭಾಗ ದಪ್ಪ, ಇನ್ನೊಂದು ತೆಳು ಆಗುತ್ತದೆ, ಆದ್ದರಿಂದ ಆರೇ ಸುತ್ತು. ಹೊರವ್ಯಾಸ 41.5 ಬರುತ್ತದೆ, ದೇಹಕ್ಕಿಂತ 0.1 ಕಡಿಮೆ. ಆಗ ಸುತ್ತೂ ಸೇರಿ ಉಳಿಯುವ ಸಂದು 0.35 ಮಿ.ಮೀ.; ಆರು ಕಡೆ ಹಂಚಿದರೆ ಒಂದೊಂದಕ್ಕೆ 0.06. ಅಂಟು ಅದನ್ನು ನುಂಗಿ ನೀರು ಕುಡಿಯುತ್ತದೆ. ಕೊಳವೆ ರೆಕ್ಕೆ ಮಾಡುವವರು ಇದೊಂದನ್ನು ನೆನಪಿಡಿ: ಕೂದಲೆಳೆಯಷ್ಟು ಸಣ್ಣದಾದರೆ ಕೊಳವೆ ಕ್ಷಮಿಸುತ್ತದೆ, ಕೂದಲೆಳೆಯಷ್ಟು ದೊಡ್ಡದಾದರೆ ಕ್ಷಮಿಸುವುದಿಲ್ಲ.

ಹಳೆಯವನ್ನು ಕೀಳುವುದು ಇನ್ನೊಂದು ಪಾಡು. ಒಣಗಿದ ಅಂಟಿಗೆ ನೀರು ಮುಟ್ಟಿಸುವಂತಿಲ್ಲ, ದೇಹವೇ ಅದೇ ಅಂಟಿನಲ್ಲಿ ನಿಂತಿದೆ. ಬ್ಲೇಡು ಸಂದಿಗೆ ಹೋಗುವುದಿಲ್ಲ. ಕೊನೆಗೆ ಗಟ್ಟಿ ಹೊಲಿಗೆ ದಾರವನ್ನು ದೇಹಕ್ಕೂ ಕೊಳವೆಗೂ ನಡುವೆ ತೂರಿಸಿ, ಗರಗಸದ ಹಾಗೆ ಆಚೆ ಈಚೆ ಎಳೆಯುತ್ತಾ ಬುಡದವರೆಗೆ ಬಂದೆ. ಐದರಲ್ಲಿ ಮೂರು ಸದ್ದಿಲ್ಲದೆ ಬಂದವು. ಎರಡು ದೇಹದ ಹೊರಪದರವನ್ನೂ ಚರ್ಮದಂತೆ ಸುಲಿದುಕೊಂಡು ಬಂದವು. ಆ ಗಾಯಗಳಿಗೆ ಹಳೆಯ ಸುರುಳಿಯ ಕೊನೆಯ ಚೂರುಗಳ ತೇಪೆ ಹಾಕಿದೆ.

ಹೊಸ ಆರನ್ನು ಒಂದೊಂದಾಗಿ ಅಂಟಿಸುವ ಧೈರ್ಯವಾಗಲಿಲ್ಲ. ಮೊದಲು ಆರನ್ನೂ ಅಂಟಿಲ್ಲದೆ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿ ನೋಡಿದೆ. ಕೂತವು! ಬಿಚ್ಚಿ ಮತ್ತೆ ಕೂರಿಸಿದೆ, ಬರಿಯ ಸಂತೋಷಕ್ಕೆ. ನಂತರ ಗಾಜಿನ ಮೇಲೆ ಎರಡೆರಡನ್ನು ಜೊತೆ ಮಾಡಿ ಅಂಟಿಸಿ, ಮೂರು ಜೋಡಿಗಳನ್ನು ಒಟ್ಟಿಗೆ ದೇಹಕ್ಕೆ ಒತ್ತಿದೆ. ದೇಹ ಮತ್ತು ಎರಡು ಕೊಳವೆಗಳ ನಡುವೆ ಉಳಿಯುವ ಮೂರು ಮೂಲೆಯ ಸಂದಿನಲ್ಲಿ ಸುಮಾರು 6.4 ಮಿ.ಮೀ. ದಪ್ಪದ ಕಡ್ಡಿ ಹಿಡಿಸುತ್ತದೆ. ಉಡಾವಣೆಯ ಸರಳಿಗೆ ಪೋಣಿಸುವ 5 ಮಿ.ಮೀ.ನ ಸಣ್ಣ ನಳಿಕೆ, ಲಾಂಚ್ ಲಗ್, ಅಲ್ಲಿಯೇ ಅಡಗಿ ಕೂತಿದೆ, ಹೊರಗೆ ಕಾಣುವುದೇ ಇಲ್ಲ.

ಬಯಸದೆ ಬಂದ ಭಾಗ್ಯ ತೂಕದ್ದು. ಹಳೆಯ ಆರು ಕೊಳವೆ 66 ಗ್ರಾಂ ಇದ್ದವು, ಹೊಸವು 50. ಬುಡದಲ್ಲಿ 16 ಗ್ರಾಂ ಇಳಿದಿದ್ದರಿಂದ ಸಮತೋಲಕ್ಕೆಂದು ಮೂತಿಯೊಳಗೆ ತುರುಕಿದ್ದ ಜೇಡಿಮಣ್ಣನ್ನು 30 ಗ್ರಾಂನಿಂದ 20ಕ್ಕೆ ಇಳಿಸಿದೆ. ಮೊದಲು ಮೂಗಿಗಿಂತ ಮೂಗುತಿ ಭಾರವಾಗಿತ್ತು. ಒತ್ತಡ ಕೇಂದ್ರದ (ಗಾಳಿಯ ಬಲವೆಲ್ಲ ಒಟ್ಟಾಗಿ ಬೀಳುವ ಬಿಂದು; ಇದು ಗುರುತ್ವ ಕೇಂದ್ರಕ್ಕಿಂತ ಹಿಂದಿದ್ದರೇ ರಾಕೆಟ್ ನೆಟ್ಟಗೆ ಹಾರುವುದು) ವಿಷಯದಲ್ಲಿ, ಅದನ್ನು ಲೆಕ್ಕ ಹಾಕುವ ಬ್ಯಾರೋಮನ್ ಸೂತ್ರಗಳನ್ನು ಇಲ್ಲಿ ನೆಚ್ಚಬೇಡಿ, 1966ರ ಆ ಲೆಕ್ಕ ಚಪ್ಪಟೆ ರೆಕ್ಕೆಗಳದು. ಓಪನ್‌ರಾಕೆಟ್‌ನಲ್ಲಿ (ರಾಕೆಟ್ ವಿನ್ಯಾಸ ಮತ್ತು ಸಿಮ್ಯುಲೇಷನ್ ತಂತ್ರಾಂಶ) ಕೊಳವೆ ರೆಕ್ಕೆಗೆ ಬೇರೆಯೇ ಆಯ್ಕೆ ಇದೆ. ಅದರಲ್ಲಿ ನೋಡಿದ ಮೇಲೂ ನಂಬಿಕೆ ಸಾಲದೆ, ಮೋಟರ್ ತುಂಬಿ, ಗುರುತ್ವ ಕೇಂದ್ರಕ್ಕೆ ದಾರ ಕಟ್ಟಿ ತಲೆಯ ಸುತ್ತ ಬೀಸಿದೆ. ಎರಡನೆಯ ಸುತ್ತಿಗೇ ಮೂತಿ ಮುಂದು ಮಾಡಿಕೊಂಡು ಮೀನಿನಂತೆ ಬಂತು.

ಹಾರಾಟ. ತರಿಸಿದ್ದು ಡಿ12-3 ಮೋಟರ್, ಪೆಟ್ಟಿಗೆಯಲ್ಲಿ ಬಂದದ್ದು ಡಿ12-5. ಕೊನೆಯ ಅಂಕಿ, ಉರಿದು ಮುಗಿದ ಮೇಲೆ ಪ್ಯಾರಾಚೂಟನ್ನು ಹೊರತಳ್ಳಲು ಮೋಟರ್ ಕಾಯುವ ಸೆಕೆಂಡುಗಳು. ಆರು ಕೊಳವೆಗಳು ಗಾಳಿಯನ್ನು ಹಿಡಿಯುವ ಪರಿಗೆ ಈ ರಾಕೆಟ್ ಬೇಗ ಸುಸ್ತಾಗುತ್ತದೆ, ಐದು ಸೆಕೆಂಡ್ ಕಾಯುವುದು ಹೆಚ್ಚು ಎಂದು ಸಿಮ್ಯುಲೇಷನ್ ಸ್ಪಷ್ಟವಾಗಿ ಹೇಳಿತ್ತು. ಮೋಟರ್ ವಾಪಸು ಕಳುಹಿಸಿ ಇನ್ನೆರಡು ವಾರ ಕಾಯುವ ತಾಳ್ಮೆ ನನ್ನಲ್ಲಿರಲಿಲ್ಲ. ಪೂರೈಕೆದಾರನದು ಅರ್ಧ ತಪ್ಪು, ಉಳಿದ ಅರ್ಧ ನನ್ನದು.

ಏರಿದ್ದು ಮಾತ್ರ ನೋಡುವಂತಿತ್ತು. ನಿಧಾನ, ನೆಟ್ಟಗೆ, ಒಂದು ಸುತ್ತೂ ತಿರುಗದೆ. ತುದಿ ಮುಟ್ಟಿತು, ಮಗುಚಿತು, ಮೂತಿ ಕೆಳಗೆ ಮಾಡಿ ವೇಗ ಹಿಡಿಯಿತು. ನಾನು ಕೆಳಗೆ ನಿಂತು ‘ಬಿಚ್ಚು, ಬಿಚ್ಚು’ ಎನ್ನುತ್ತಿದ್ದೆ. ಬಿಚ್ಚಿತು, ಸುಮಾರು ಎರಡು ಸೆಕೆಂಡ್ ತಡವಾಗಿ. ಮೂತಿಯನ್ನು ದೇಹಕ್ಕೆ ಕಟ್ಟಿದ ಹುರಿ, ಶಾಕ್ ಕಾರ್ಡ್, ದೇಹದ ಬಾಯಿಯನ್ನು ಲಕೋಟೆ ಹರಿದಂತೆ 35 ಮಿ.ಮೀ. ಸೀಳಿ ಹಾಕಿತು. ರಾಕೆಟ್ ಮಾಡುವವರು ಜಿಪ್ಪರ್ ಎಂದು ಕರೆಯುವ ಸೀಳು, ನಮ್ಮ ಹಳೆಯ ಮಿತ್ರ.

ರೆಕ್ಕೆಗಳಿಗೆ ಒಂದು ಗೀರೂ ಇಲ್ಲ, ಆರನೆಯದಕ್ಕಂತೂ ಇಲ್ಲವೇ ಇಲ್ಲ. ಸೀಳಿದ ಭಾಗ ಕತ್ತರಿಸಿ, ಎರಡು ತುಂಡುಗಳನ್ನು ಒಳಗಿನಿಂದ ಬೆಸೆಯುವ ಕಪ್ಲರ್ ಇಟ್ಟು, ಮೇಲಕ್ಕೊಂದು ಹೊಸ ತುಂಡು ಸೇರಿಸಬೇಕು. ಹಳೆಯ ಕಾಗದ ಒಂದಂಗುಲವೂ ಉಳಿದಿಲ್ಲ; ಇರುವುದು ಆ ದಪ್ಪ ಸುರುಳಿಯೇ. ಅದರ ಮೇಲೆ ಮಾರ್ಕರ್‌ನಲ್ಲಿ ದಪ್ಪಗೆ ಬರೆದಿಟ್ಟಿದ್ದೇನೆ: ‘ಎಂಟಲ್ಲ, ಆರು.’